ಕಡತ ಒರೆಸುವ ಕೆಲಸ

ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಅಜ್ಜ ಶಾನುಭೋಗರು. ಅವರ ಲೆಕ್ಕವೆಲ್ಲ ಕಡತದಲ್ಲಿ. ಈಗ ಆಫೀಸಿನ ಫೈಲಿಗೆ ಕಡತ ಅನ್ನುತ್ತೇವಲ್ಲ, ಅದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಕಪ್ಪು ಪುಸ್ತಕ. ಬರೆಯುವುದು ಬಳಪದಲ್ಲಿ. ಶೃಂಗೇರಿ ಮಠದ ಹಳೆಯ ಲೆಕ್ಕಗಳೂ ಇಂಥ ಕಡತಗಳಲ್ಲಿವೆ. ಬಾಕಿ ತೀರಿತೋ, ಅಜ್ಜ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಕಪ್ಪು ಬಳಿಯುತ್ತಿದ್ದರಂತೆ. ಹಳ್ಳಿಯ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆಯಿಂದ ಶಾನುಭೋಗಿಕೆ ಹೋಯಿತು; ಒರೆಸುವ ಕೆಲಸ ಮಾತ್ರ ಮೊಮ್ಮಗನ ಪಾಲಿಗೆ ಉಳಿಯಿತು.

ತೊಂಬತ್ತರ ದಶಕದ ಕೊನೆಗೆ ನಾನು ಬೆಂಗಳೂರಿನ ಎಸ್‌.ಪಿ. ರಸ್ತೆ ಸೇರಿದೆ. ಕಂಪನಿಗಳು ಹರಾಜು ಹಾಕಿದ ಕಂಪ್ಯೂಟರುಗಳು ಅಲ್ಲಿನ ಅಂಗಡಿಗಳಿಗೆ ಲಾರಿಯಲ್ಲಿ ಬರುತ್ತಿದ್ದವು. ನಡೆಯುವುದನ್ನು ಸೆಕೆಂಡ್‌ಹ್ಯಾಂಡ್ ಮಾರುವುದು, ನಡೆಯದ್ದು ಗುಜರಿಗೆ. ಗುಜರಿಗೆ ಹೋದ ಬೋರ್ಡನ್ನು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವವರಿದ್ದರು. ಹಾರ್ಡ್‌ಡಿಸ್ಕಿನೊಳಗೆ ಏನಿದೆ ಎಂಬುದು ಯಾರ ತಲೆನೋವೂ ಆಗಿರಲಿಲ್ಲ. ಒಮ್ಮೆ ಒಂದು ಸಹಕಾರಿ ಸಂಘದ ಡಿಸ್ಕ್ ಕೈಗೆ ಬಂತು. ಮಾರಿದವರು ಆಣೆ ಹಾಕಿದ್ದರು: “ಫಾರ್ಮ್ಯಾಟ್ ಮಾಡಿದೀವಿ ಸಾರ್, ಏನೂ ಇಲ್ಲ.” ಫೈಲು ವಾಪಸು ತರುವ ಸಾಫ್ಟ್‌ವೇರ್ ಹಾಕಿ ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಸಾಲಗಾರರ ಪಟ್ಟಿ, ಅಡವಿಟ್ಟ ಒಡವೆಗಳ ತೂಕ ಸಮೇತ!

ಆಗಿದ್ದಿಷ್ಟೆ. ಮಾಮೂಲಿ ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ. ಪಹಣಿಯಲ್ಲಿ ಹೆಸರು ಹೊಡೆದರೆ ಹೊಲವೇನು ಎದ್ದು ಹೋಗುತ್ತದೆಯೇ?

ನಮ್ಮ ಗಲ್ಲಿಯ ದಡ್ಡತನವೇನಲ್ಲ ಇದು. ಅಮೆರಿಕದಲ್ಲಿ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೇಲತ್ 158 ಹಳೆಯ ಡಿಸ್ಕ್ ಕೊಂಡು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ನಡೆಯುತ್ತಿದ್ದ 129ರಲ್ಲಿ ಸರಿಯಾಗಿ ಒರೆಸಿದ್ದು ಬರೀ 12. ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರು ಸಿಕ್ಕಿದ್ದವು.

ಒರೆಸುವುದೆಂದರೆ ಮೇಲೆ ಬೇರೇನನ್ನೋ ಬರೆಯುವುದು. ಎಷ್ಟು ಸಲ? ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ 1996ರ ಪ್ರಬಂಧದಲ್ಲಿ 35 ಸಲದ ಕ್ರಮ ಕೊಟ್ಟಿದ್ದ. ಅದು ಆ ಕಾಲದ ಬೇರೆ ಬೇರೆ ಬಗೆಯ ಡಿಸ್ಕುಗಳನ್ನೆಲ್ಲ ಸೇರಿಸಿ ಮಾಡಿದ ಲೆಕ್ಕ. ಒಂದೇ ಡಿಸ್ಕಿಗೆ ಅಷ್ಟೂ ಬೇಡ. ಆದರೆ ಜನ ಹಿಡಿದುಕೊಂಡಿದ್ದು 35ನ್ನೇ. ಅದನ್ನು ಮಂತ್ರ ಮಾಡಿಕೊಂಡವರನ್ನು ಮುಂದೆ ಆತನೇ ಗೇಲಿ ಮಾಡಿದ. ನಾನೂ ಜಪಿಸಿದವನೇ. ಒಂದು ಡಿಸ್ಕಿಗೆ ದಿನಗಟ್ಟಲೆ ಕರೆಂಟು ಸುಟ್ಟಿದ್ದೇನೆ, ಮಾಲೀಕರಿಂದ ಬೈಸಿಕೊಂಡಿದ್ದೇನೆ. 2006ರಲ್ಲಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಹೊಸ ಕಾಲದ ಡಿಸ್ಕಿಗೆ ಒಂದು ಸಲ ಬರೆದರೆ ಸಾಕೆಂದಾಗ ನನಗೆ ಪೆಚ್ಚೆನಿಸಿತು.

ಅಷ್ಟರಲ್ಲಿ ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಬರೆದಿಡುವ ಎಸ್‌ಎಸ್‌ಡಿ ಬಂತು. ತನ್ನ ಚಿಪ್ ಬೇಗ ಸವೆಯದಿರಲೆಂದು ಅದು ಹೊಸ ಬರಹವನ್ನು ತನಗೆ ಬೇಕಾದ ಕಡೆ ಇಡುತ್ತದೆ. ಹಳೆಯದು ಯಾವುದೋ ಮೂಲೆಯಲ್ಲಿ ಉಳಿದುಬಿಡಬಹುದು. ಇದರಲ್ಲಿ ಅಯಸ್ಕಾಂತದ ಬರಹವೇ ಇಲ್ಲ, ಹಾಗಾಗಿ ಅಯಸ್ಕಾಂತದಿಂದ ಡಿಸ್ಕ್ ಅಳಿಸುವ ಡಿಗಾಸರ್ ಯಂತ್ರಕ್ಕೆ ಕೊಟ್ಟರೂ ಜಗ್ಗದು. ಅನುಮಾನವೇ ಉಳಿಯಬಾರದೆಂದರೆ ಪುಡಿ ಮಾಡುವುದೇ ಸರಿ. ಈಗ ನಾನಿರುವ ಘಟಕದಲ್ಲಿ ಪ್ರತಿ ಡಿಸ್ಕಿನ ಸೀರಿಯಲ್ ನಂಬರು ಬರೆದುಕೊಂಡು, ಕಂಪನಿಯವರ ಕಣ್ಣೆದುರೇ ಶ್ರೆಡ್ಡರಿಗೆ ಹಾಕಿ ಸರ್ಟಿಫಿಕೇಟು ಕೊಡುತ್ತೇವೆ. 2012ರ ಮೇ ತಿಂಗಳಲ್ಲಿ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಚಿಂತೆಯೆಲ್ಲ ಸೀಸ, ಪಾದರಸಗಳದ್ದಾಗಿತ್ತು. ಡೇಟಾದ ಭಯ ಹುಟ್ಟಿಸಿದ್ದು ದಂಡ. ಮಾರ್ಗನ್ ಸ್ಟ್ಯಾನ್ಲಿ ಬ್ಯಾಂಕು ಡೇಟಾ ಸೆಂಟರ್ ಸಾಮಾನನ್ನು ಈ ಕೆಲಸವೇ ಗೊತ್ತಿಲ್ಲದ ಸಾಗಣೆ ಕಂಪನಿಗೆ ಒಪ್ಪಿಸಿ 2020ರಲ್ಲಿ 6 ಕೋಟಿ, 2022ರಲ್ಲಿ ಮತ್ತೆ 3.5 ಕೋಟಿ ಡಾಲರ್ ತೆತ್ತಿತು.

ಅಜ್ಜನ ಕಡತವೊಂದು ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಹೋದ ವರ್ಷ ಮಗಳು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಬಳಪದ ಸಾಲುಗಳ ಅಡಿಯಲ್ಲಿ ಒರೆಸಿದ ಸಾಲೊಂದು ಮಸುಕಾಗಿ ಎದ್ದಿತು: ಎರಡು ಖಂಡುಗ ಭತ್ತ, ಬಾಕಿ, ಮುಂದೆ ಅರ್ಧ ಹೆಸರು.

“ಯಾರದಪ್ಪಾ ಇದು?” ಅಂದಳು.

ಆ ಮನೆಯವರು ಈಗಲೂ ಊರಲ್ಲಿದ್ದಾರೆ. ಗೊತ್ತಿಲ್ಲ ಅಂದೆ. ಕಡತ ಮಡಚಿ ಪೆಟ್ಟಿಗೆಗೆ ಹಾಕಿದೆ.