ರುಮಟಾಯ್ಡ್ ಸಂಧಿವಾತ: ರೋಗದ ಸಕ್ರಿಯತೆಯ ಮಾಪನ

ರುಮಟಾಯ್ಡ್ ಸಂಧಿವಾತದ ಸಕ್ರಿಯತೆಯನ್ನು ಅಳೆಯಲು ಡಿ.ಎ.ಎಸ್.-28 ಎಂಬ ಸೂಚ್ಯಂಕವನ್ನು ಬಳಸಲಾಗುತ್ತದೆ. ಭುಜ, ಮೊಣಕೈ, ಮಣಿಕಟ್ಟು, ಕೈಬೆರಳು ಹಾಗೂ ಮೊಣಕಾಲುಗಳ ಒಟ್ಟು 28 ಕೀಲುಗಳಲ್ಲಿ ಊತವಿರುವವು ಮತ್ತು ಒತ್ತಿದಾಗ ನೋಯುವವು ಎಷ್ಟೆಂಬುದನ್ನು ವೈದ್ಯರು ಎಣಿಸುತ್ತಾರೆ. ಇದರೊಂದಿಗೆ ಇ.ಎಸ್.ಆರ್. ರಕ್ತಪರೀಕ್ಷೆಯ ಫಲಿತಾಂಶವನ್ನೂ, ತನ್ನ ಸ್ಥಿತಿಯ ಬಗ್ಗೆ ರೋಗಿಯು 0ಯಿಂದ 100ರವರೆಗೆ ನೀಡುವ ಅಂಕವನ್ನೂ ಸೇರಿಸಿ ಸೂಚ್ಯಂಕವನ್ನು ಲೆಕ್ಕ ಹಾಕಲಾಗುತ್ತದೆ.

- 2.6ಕ್ಕಿಂತ ಕಡಿಮೆ: ಉಪಶಮನ
- 2.6ರಿಂದ 3.2: ಅಲ್ಪ
- 3.2ಕ್ಕಿಂತ ಹೆಚ್ಚು, 5.1ರವರೆಗೆ: ಮಧ್ಯಮ
- 5.1ಕ್ಕಿಂತ ಹೆಚ್ಚು: ತೀವ್ರ

ಪಾದ ಹಾಗೂ ಕಣಕಾಲಿನ ಕೀಲುಗಳು ಈ ಎಣಿಕೆಗೆ ಒಳಪಡುವುದಿಲ್ಲ. ಸೂಚ್ಯಂಕವು ಕಡಿಮೆಯಿದ್ದರೂ ಅಲ್ಲಿ ರೋಗವು ಸಕ್ರಿಯವಾಗಿರಬಹುದು. ಆದುದರಿಂದ ಅಂತಹ ನೋವು ಅಥವಾ ಊತವನ್ನು ರೋಗಿಗಳು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು. ಉಪಶಮನ ಕಂಡುಬಂದಲ್ಲಿಯೂ ವೈದ್ಯರ ಸಲಹೆಯಿಲ್ಲದೆ ಔಷಧಿಯನ್ನು ನಿಲ್ಲಿಸತಕ್ಕದ್ದಲ್ಲ.