ಕೊಳಾಯಿಯ ಹೂಂಕಾರ

ಶೌಚಗೃಹದ ನೀರುತೊಟ್ಟಿ ತುಂಬುತ್ತ ಬಂದು, ಇನ್ನೇನು ನೀರು ನಿಲ್ಲಬೇಕೆನ್ನುವ ಗಳಿಗೆಯಲ್ಲಿ, ಗೋಡೆಯೊಳಗಿನ ಕೊಳಾಯಿ ನಡುಗಿ ಹೂಂಕರಿಸತೊಡಗುವುದು ಎಷ್ಟೋ ಮನೆಗಳವರು ಬಲ್ಲ ಉಪದ್ರವ. ಇದಕ್ಕೂ ಒಂದು ಇತಿಹಾಸವುಂಟು. ಹೊತ್ತುಕೊಂಡು ತಂದ ನೀರು ಎಂದೂ ಹೀಗೆ ಸದ್ದು ಮಾಡಲಿಲ್ಲ; ಒತ್ತಡದಿಂದ ಕೂಡಿದ ನೀರು ಹಗಲಿರುಳೂ ಮನೆಯೊಳಕ್ಕೆ ಬರಲಾರಂಭಿಸಿದ ಮೇಲೆಯೇ ಈ ಗದ್ದಲ ಹುಟ್ಟಿತು.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಲಂಡನ್ನಿನಲ್ಲಿ ನೀರನ್ನು ಒದಗಿಸುತ್ತಿದ್ದುದು ಎಂಟು ಖಾಸಗಿ ಕಂಪನಿಗಳು. ಅವು ಸರದಿಯಂತೆ ಕೆಲವು ಹೊತ್ತು ಮಾತ್ರ ನೀರು ಬಿಡುತ್ತಿದ್ದುದರಿಂದ, ಅನುಕೂಲಸ್ಥರು ಮನೆಯಲ್ಲಿ ತೊಟ್ಟಿಯನ್ನಿರಿಸಿ, ಅದು ತುಂಬಿದೊಡನೆ ನೀರು ತಾನಾಗಿ ನಿಲ್ಲುವಂತೆ ತೇಲುಗುಂಡಿನ ಬಾಲ್‌ವಾಲ್ವನ್ನು ಜೋಡಿಸಿಕೊಂಡಿದ್ದರು. 1871ರ ಶಾಸನವು ನಿರಂತರ ಸರಬರಾಜಿಗೆ ದಾರಿಮಾಡಿತು. ಜೊತೆಗೇ, ನೀರು ಪೋಲಾದೀತೆಂಬ ಭಯದಿಂದ, ಪ್ರತಿ ಶೌಚಗೃಹಕ್ಕೂ ಒಮ್ಮೆಗೆ 2 ಗ್ಯಾಲನ್ನಿಗೆ ಮೀರದಂತೆ ನೀರು ಬಿಡುವ ತೊಟ್ಟಿಯನ್ನು ನಿಯಮಗಳು ವಿಧಿಸಿದುವು. ಮಿತವ್ಯಯಕ್ಕೆಂದು ಮಾಡಿದ ಈ ಸದುದ್ದೇಶದ ವ್ಯವಸ್ಥೆಯಿಂದಾಗಿ, ಸದಾ ಇರುವ ಒತ್ತಡವನ್ನೆದುರಿಸಿ ದಿನಕ್ಕೆ ಹಲವಾರು ಬಾರಿ ಮೆಲ್ಲಮೆಲ್ಲನೆ ಮುಚ್ಚಿಕೊಳ್ಳುವ ಬಾಲ್‌ವಾಲ್ವೊಂದು ಮನೆಮನೆಯಲ್ಲಿಯೂ ನೆಲೆಗೊಂಡಿತು.

ಹರಿಯುವ ನೀರನ್ನು ಥಟ್ಟನೆ ತಡೆದರೆ ಅದು ಪ್ರಹಾರಮಾಡುವುದೆಂಬ ಅರಿವು ಇದಕ್ಕಿಂತ ಹಳೆಯದು. 1772ರಲ್ಲಿ ಜಾನ್ ವೈಟ್‌ಹರ್ಸ್ಟ್ ಎಂಬಾತ ಇಂಗ್ಲೆಂಡಿನ ಔಲ್ಟನ್ನಿನಲ್ಲಿ ಒಂದು ಯಂತ್ರವನ್ನು ನಿರ್ಮಿಸಿದ: ನಲ್ಲಿಯನ್ನು ಮುಚ್ಚಿದಾಗಲೆಲ್ಲ ಕೊಳವೆಯೊಳಗಿನ ವೇಗವೇ ನೀರನ್ನು 16 ಅಡಿ ಮೇಲಕ್ಕೆ ದೂಡುತ್ತಿತ್ತು. 1796ರಲ್ಲಿ ಫ್ರಾನ್ಸಿನ ಜೋಸೆಫ್ ಮಾಂಗಾಲ್ಫಿಯೇ ಅದನ್ನು ಕೈಯ ನೆರವಿಲ್ಲದೆ ತಾನೇ ನಡೆಯುವಂತೆ ಮಾಡಿದ. ಮನೆಯೊಡೆಯನ ನಿದ್ದೆ ಕೆಡಿಸುವ ಶಕ್ತಿಯನ್ನೇ ನೀರೆತ್ತುವ ಕೆಲಸಕ್ಕೆ ಹೂಡಿದ ಈ ಇಬ್ಬರ ಕೌಶಲ ನಿಜವಾಗಿಯೂ ಮೆಚ್ಚತಕ್ಕದ್ದು. ಆ ಪ್ರಹಾರವನ್ನು ಲೆಕ್ಕಕ್ಕೆ ತಂದ ಕೀರ್ತಿ ಮಾಸ್ಕೋವಿಗೆ ಸಲ್ಲುತ್ತದೆ. ಅಲ್ಲಿನ ನೀರಿನ ಕೊಳವೆಗಳು ಒಡೆಯುತ್ತಿದ್ದುದರ ಕಾರಣವನ್ನು ಅರಸಿ, 1897–98ರಲ್ಲಿ ನಿಕೊಲಾಯ್ ಝುಕೋವ್‌ಸ್ಕಿ ಪ್ರಯೋಗಗಳನ್ನು ನಡೆಸಿದ. ಇಕ್ಕಟ್ಟಾದ ಓಣಿಯಲ್ಲಿ ನುಗ್ಗುತ್ತಿರುವ ಜಾತ್ರೆಯ ಸಂದಣಿಯ ಮುಂದಿನವನು ತಟಕ್ಕನೆ ನಿಂತರೆ ಹಿಂದಿನವರ ಭಾರವೆಲ್ಲ ಅವನ ಬೆನ್ನಮೇಲೆ ಬೀಳುವಂತೆ, ಸೆಕೆಂಡಿಗೆ ಕೇವಲ 1 ಮೀಟರ್ ವೇಗದಿಂದ ಲೋಹದ ಕೊಳವೆಯಲ್ಲಿ ಹರಿಯುವ ನೀರನ್ನು ಒಮ್ಮೆಗೇ ತಡೆದರೆ ಏರುವ ಒತ್ತಡವು ಸುಮಾರು 100 ಮೀಟರ್ ಎತ್ತರದ ನೀರಿನ ಕಂಬದ ಭಾರಕ್ಕೆ ಸಮನಾಗುವುದೆಂದು ಅವನ ಸೂತ್ರದಿಂದ ತಿಳಿಯಿತು.

ಆದರೆ ತೊಟ್ಟಿಯ ಹೂಂಕಾರ ಇಂಥ ಒಂದೇ ಪೆಟ್ಟಲ್ಲ. ಅದು ಪುಟ್ಟ ಪೆಟ್ಟುಗಳ ಮಾಲೆ. ಬಹುಕಾಲ ಬಳಕೆಯಲ್ಲಿದ್ದ ಪೋರ್ಟ್ಸ್‌ಮತ್ ಮಾದರಿಯ ಹಿತ್ತಾಳೆಯ ವಾಲ್ವನ್ನು ಮುಚ್ಚಳ ತೆಗೆದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಗುಂಡು ಏರಿದಂತೆ ಅದರ ಸನ್ನೆಕೋಲು ಒಂದು ಸಣ್ಣ ಪಿಸ್ಟನ್ನನ್ನು ಮುಂದಕ್ಕೆ ಒತ್ತಿ, ಅದರ ತುದಿಯ ವಾಷರನ್ನು ನೀರಿನ ರಂಧ್ರಕ್ಕೆ ಸೇರಿಸುತ್ತದೆ. ರಂಧ್ರ ಕೂದಲೆಳೆಯಷ್ಟು ಉಳಿದಾಗ ನೀರು ಅತಿವೇಗದಿಂದ ಚಿಮ್ಮುತ್ತದೆ. ಆ ಧಾರೆ ತೊಟ್ಟಿಯಲ್ಲಿ ಎಬ್ಬಿಸಿದ ತೆರೆಗಳ ಮೇಲೆ ಗುಂಡು ಕುಣಿಯುತ್ತದೆ. ಕುಣಿದಂತೆಲ್ಲ ವಾಷರು ಮುಚ್ಚಿ ತೆರೆಯುತ್ತದೆ. ಪ್ರತಿಯೊಂದು ಮುಚ್ಚುವಿಕೆಯೂ ಕೊಳವೆಯೊಳಕ್ಕೆ ಒತ್ತಡದ ಅಲೆಯನ್ನು ಕಳುಹಿಸುತ್ತದೆ. ಮರಳಿದ ಅಲೆ ಪಿಸ್ಟನ್ನನ್ನು ಮತ್ತೆ ತಳ್ಳುತ್ತದೆ. ಸವೆದ ವಾಷರು, ಸಡಿಲಗೊಂಡ ಪಿಸ್ಟನ್ನು, ಗೋಡೆಗೆ ಬಿಗಿಯಿಲ್ಲದ ಕೊಳವೆ ಇವು ಜೊತೆಗೂಡಿದುವೆಂದರೆ ಸದ್ದು ಮನೆಯನ್ನೆಲ್ಲ ತುಂಬುವುದು.

ಸದ್ದು ಕೇಳಿಬರುವ ಸ್ಥಳ ಒಂದು, ಹುಟ್ಟುವ ಸ್ಥಳ ಇನ್ನೊಂದು ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಕೊಳವೆಗೆ ಕ್ಲಾಂಪು ಬಡಿಯುವುದು ಅವಶ್ಯವಾದರೂ ಅದರಿಂದ ಕಂಪನ ಅಡಗುವುದೇ ಹೊರತು ಕಾರಣ ತೊಲಗದು. ಕೊಳವೆಯ ಕೊನೆಯಲ್ಲಿ ಗಾಳಿಯ ಕೋಶವನ್ನಿಟ್ಟರೆ, ಆ ಗಾಳಿ ಕಾಲಕ್ರಮದಲ್ಲಿ ನೀರಿನಲ್ಲಿ ಕರಗಿಹೋಗುತ್ತದೆ. ಆದುದರಿಂದ ಕುಶಲಿಗಳ ದೃಷ್ಟಿ ತೊಟ್ಟಿಯ ಕಡೆಗೆ ತಿರುಗಿತು. ಕೆಲವರು ಗುಂಡಿನ ತೋಳಿನಿಂದ ನೀರಿನೊಳಕ್ಕೆ ಒಂದು ಪುಟ್ಟ ಬಟ್ಟಲನ್ನು ಇಳಿಬಿಟ್ಟು ಗುಂಡಿನ ಕುಣಿತವನ್ನು ತಡೆದರು. ಇನ್ನು ಕೆಲವರು ವಾಲ್ವಿನ ಬಾಯಿಗೆ ನಳಿಕೆಯೊಂದನ್ನು ಸಿಕ್ಕಿಸಿ, ಧಾರೆ ನೀರಿನ ತಳದಲ್ಲಿಯೇ ಬೀಳುವಂತೆ ಮಾಡಿದರು. ಇದು ಸೊಗಸಾದ ಉಪಾಯವೆನಿಸಿದರೂ, ಬೀದಿಯ ಒತ್ತಡ ಕುಸಿದಾಗ ತೊಟ್ಟಿಯ ನೀರು ಕುಡಿಯುವ ನೀರಿನ ಕೊಳವೆಗೆ ಹಿಂದಿರುಗಿ ಸೇರುವ ಅಪಾಯವಿತ್ತು. ಅದಕ್ಕಾಗಿಯೇ ಆ ನಳಿಕೆ ಬ್ರಿಟನ್ನಿನಲ್ಲಿ ನಿಷಿದ್ಧವಾಯಿತು. ಕೊನೆಗೆ ಗಾರ್ಸ್ಟನ್ನಿನ ಕಟ್ಟಡ ಸಂಶೋಧನಾಲಯದವರು, ಪಿಸ್ಟನ್ನಿನ ಬದಲು ರಬ್ಬರಿನ ಪೊರೆಯನ್ನಿಟ್ಟು, ಚಲಿಸುವ ಭಾಗಗಳನ್ನು ನೀರಿನಿಂದ ದೂರವಿರಿಸಿ, ನೀರು ಮೇಲಿನಿಂದಲೇ ಹೊರಬೀಳುವಂತೆ ವಾಲ್ವೊಂದನ್ನು ರೂಪಿಸಿದರು. ಮೌನವನ್ನೂ ಶುದ್ಧಿಯನ್ನೂ ಒಟ್ಟಿಗೆ ಸಾಧಿಸಿದ ಈ ಕೃತಿ, ಹೆಸರು ಮೆರೆಸದ ಇಂಜಿನಿಯರುಗಳ ಬುದ್ಧಿಗೆ ಒಳ್ಳೆಯ ಸಾಕ್ಷಿ.

ನಮ್ಮ ಮನೆಗಳಲ್ಲಿ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ನಾಲ್ಕೈದು ಮೀಟರ್ ಎತ್ತರದ ಒತ್ತಡವಷ್ಟೇ ಇರುವುದರಿಂದ ಈ ಬಾಧೆ ವಿರಳ. ಟ್ಯಾಂಕಿನ ಬದಲು ಪ್ರೆಷರ್ ಪಂಪನ್ನು ಹೂಡಿದ ಬಹುಮಹಡಿ ಕಟ್ಟಡಗಳಲ್ಲಿ ಮಾತ್ರ ಲಂಡನ್ನಿನ ಹಳೆಯ ತೊಂದರೆಯೇ ಮರಳಿ ಬರುತ್ತದೆ. ಅಂಥಲ್ಲಿ ಮೊದಲು ತೊಟ್ಟಿಗೆ ಬರುವ ಸ್ಟಾಪ್‌ಕಾಕನ್ನು ತುಸು ತಿರುಗಿಸಿ ಹರಿವನ್ನು ತಗ್ಗಿಸುವುದು, ಅದಕ್ಕೂ ಅಡಗದಿದ್ದರೆ ವಾಷರನ್ನು ಬದಲಿಸುವುದು, ಅನಂತರವೇ ಗೋಡೆಯ ಕಡೆಗೆ ನೋಡುವುದು, ಪ್ಲಂಬರು ಅನುಸರಿಸಬೇಕಾದ ಕ್ರಮ.