ತುಕ್ಕಿನಡಿಯ ಅಕ್ಷರ

ಶಿಕಾರಿಪುರ, ಸೊರಬದ ಹಳೆಯ ಮನೆಗಳ ಅಟ್ಟದಲ್ಲಿ ಅಜ್ಜಂದಿರ ಕತ್ತಿ ಸಿಕ್ಕರೆ ಹುಣಸೆಹುಳಿ, ಉಪ್ಪುಕಾಗದ ಹಿಡಿದು ಉಜ್ಜಬೇಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯಾ ವಾಘ್ ಈ ಸೀಮೆಯಲ್ಲೇ ದಂಡು ಕಟ್ಟಿದ. ಅದೇ ವರ್ಷ ಶಿಕಾರಿಪುರದ ಕೋಟೆ ಕಂಪನಿ ಸೇನೆಯ ವಶವಾಯಿತು. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಆತ ಹತನಾದ. ಜೊತೆಗಿದ್ದ ಸಾಮಾನ್ಯ ಸಿಪಾಯಿಗಳ ಹೆಸರು ನಮ್ಮ ಪಾಠಗಳಲ್ಲಿಲ್ಲ. ಅಂಥವರ ಕಾಲದ ಅಲಗಿನಲ್ಲಿ ಫಾರಸಿ ಅಕ್ಷರವೋ ಉಕ್ಕಿನ ನೀರಲೆಯ ಗುರುತೋ ಇದ್ದರೆ ಅದೇ ದಾಖಲೆ. ಹುಳಿ ಅದನ್ನು ತಿನ್ನುತ್ತದೆ. ತೆಳುವಾದ ಹೊಲಿಗೆಯಂತ್ರದ ಎಣ್ಣೆ ಸವರಿ, ಎರಡು ದಿನ ಬಿಟ್ಟು, ಹತ್ತಿಬಟ್ಟೆಯಿಂದ ಒರೆಸಿ. ಕೆಂಪು ಪುಡಿ ಹೋದರೆ ಸಾಕು, ಗಟ್ಟಿ ಕಪ್ಪು ಪದರ ಇರಲಿ. ಬಾಲ್ಯದಲ್ಲಿ ನಮ್ಮ ಮನೆಯ ಕತ್ತಿಯನ್ನು ನಾನೇ ಫಳಫಳ ಹೊಳೆಸಿದ್ದೆ. ಬರಹವಿದ್ದ ಜಾಗ ಈಗ ಬರೀ ನುಣುಪು.